ಆರು ಭೇಟಿಗಳಲ್ಲಿ ಒಂದು ಸಲವಾದರೂ ತಾಯಿಯ ಮನಸ್ಸನ್ನು ವಿಚಾರಿಸಿ

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ತಾಯಿ-ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 6 ಸಲ ಬರಬೇಕು ಅನ್ನುವುದು ಸರ್ಕಾರದ ನಿಯಮ. 3ನೇ ದಿನ, ಆಮೇಲೆ 7, 14, 21, 28 ಮತ್ತು 42ನೇ ದಿನ. ಬಂದವರು ಮಗುವಿನ ತೂಕ ನೋಡುತ್ತಾರೆ, ಮೈ ಬಿಸಿ ಇದೆಯಾ ನೋಡುತ್ತಾರೆ, ಹೊಕ್ಕುಳು ಒಣಗಿದೆಯಾ ಅಂತ ನೋಡುತ್ತಾರೆ. ತಾಯಿಗೆ ರಕ್ತ ಜಾಸ್ತಿ ಹೋಗುತ್ತಿದೆಯಾ, ಜ್ವರ ಇದೆಯಾ, ಹಾಲು ಸಾಕಾಗುತ್ತಿದೆಯಾ ಅಂತ ಕೇಳುತ್ತಾರೆ. ಎಷ್ಟೋ ಹಸುಗೂಸುಗಳ ಜೀವ ಉಳಿಸಿರುವ ವ್ಯವಸ್ಥೆ ಇದು. ಇದರೊಳಗೆ ಇನ್ನೊಂದು ಮಾತು ಸೇರಬೇಕು ಅನ್ನುವುದು ನನ್ನ ಆಸೆ. "ಮನಸ್ಸು ಹೇಗಿದೆಯಮ್ಮ? ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತಾ?" ಅಂತ ಅವಳನ್ನು ಕೇಳಬೇಕು. ಕೇಳಿ, ಉತ್ತರ ಬರುವವರೆಗೂ ಕಾಯಬೇಕು.

ಬಾಣಂತನದಲ್ಲಿ ನಮ್ಮ ತವರುಮನೆಗಳು ಕೈಲಾದಷ್ಟೂ ಮಾಡುತ್ತವೆ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಸೀರೆ ಕಟ್ಟು. ಮೆಣಸಿನ ಸಾರು, ಬೆಳ್ಳುಳ್ಳಿ, ಲೇಹ್ಯ, ಉತ್ತರ ಕರ್ನಾಟಕದ ಕಡೆಯಾದರೆ ಅಂಟಿನುಂಡೆ. ಇದನ್ನೆಲ್ಲ ಹಳೇ ಕಾಲದ್ದು ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. (ನೀರು ಕುಡಿಯಬೇಡ ಅನ್ನುವುದನ್ನು ಮಾತ್ರ ಬಿಡಲೇಬೇಕು. ಹಾಲೂಡಿಸುವವಳಿಗೆ ನೀರು ಬೇಕೇ ಬೇಕು.) ಹೆತ್ತವಳಿಗೆ ಬಿಸಿ ಊಟ, ವಿಶ್ರಾಂತಿ, ಪಕ್ಕದಲ್ಲಿ ತನ್ನ ಅಮ್ಮ ಸಿಗುವುದು ದೊಡ್ಡ ಆಸರೆ. ಆದರೆ ಅಷ್ಟು ಜನ ಸುತ್ತ ಇದ್ದಾಗಲೂ ಅವಳು ಬಾಯಿಬಿಟ್ಟು "ಯಾಕೋ ಏನೂ ಬೇಡ ಅನ್ನಿಸ್ತಿದೆ" ಅಂದರೆ ಏನಾಗುತ್ತೆ? "ನಾವೇನು ಹೆತ್ತಿಲ್ವಾ? ಬಂಗಾರದಂಥ ಮಗು ಪಕ್ಕದಲ್ಲಿ ಇಟ್ಕೊಂಡು ಅಳಬಾರದು ಕಣೇ." ಅಲ್ಲಿಗೆ ಮಾತು ಮುಗಿಯಿತು. ಮತ್ತೆ ಅವಳು ಹೇಳುವುದಿಲ್ಲ.

ನನ್ನ ಎರಡನೇ ಹೆರಿಗೆ ಆದಮೇಲೆ ನನಗೂ ಆದ ಅನುಭವ ಇದು. ಮಗು ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋದರೆ ಸಾಕು, ಕೈಜಾರಿ ಬಿದ್ದುಬಿಟ್ಟಂತೆ ಕಣ್ಣ ಮುಂದೆ ಬರುತ್ತಿತ್ತು. ಸ್ನಾನ ಮಾಡಿಸುವಾಗ, ಅಡುಗೆಮನೆಯಲ್ಲಿ ಚಾಕು ಕಂಡಾಗ, ಹೇಳಲೂ ಹೆದರಿಕೆಯಾಗುವಂಥ ಯೋಚನೆಗಳು. ನಾನು ರಾಕ್ಷಸಿಯೇನೋ ಅಂತ ನಡುಗುತ್ತಿದ್ದೆ. ಯಾರಿಗೆ ಹೇಳೋದು? ಕೊನೆಗೆ ನನ್ನ ಅತ್ತಿಗೆ ಬಾಗಿಲು ಹಾಕಿಕೊಂಡು ಪಕ್ಕದಲ್ಲಿ ಕೂತು ಬಿಡಿಸಿ ಬಿಡಿಸಿ ಕೇಳಿದರು. ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೇಡದ ಇಂಥ ಯೋಚನೆಗಳು ಹೊಸ ತಾಯಂದಿರಲ್ಲಿ ತುಂಬಾ ಸಾಮಾನ್ಯ, ಅವು ಬಂದಾಗ ನೀವು ಹೆದರುತ್ತಿದ್ದೀರಿ, ದೂರ ಸರಿಯುತ್ತಿದ್ದೀರಿ, ಅದೇ ನೀವು ಮಗುವಿಗೆ ಏನೂ ಮಾಡಬಯಸುವುದಿಲ್ಲ ಅನ್ನುವುದರ ಗುರುತು ಅಂತ ಡಾಕ್ಟರು ಹೇಳಿದಾಗ ನಾನು ಅಲ್ಲೇ ಅತ್ತುಬಿಟ್ಟೆ. ಕಾಯಿಲೆಯ ವಿಷಯ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಗಳು ಹಗುರವಾಗುತ್ತಿದ್ದವು.

ಹೆರಿಗೆಯಾದ ಮೂರು-ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ರೇಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇರುತ್ತದೆ. ಅದು ಎರಡು ವಾರದೊಳಗೆ ತಾನಾಗೇ ಇಳಿಯುತ್ತದೆ. ಇಳಿಯದೆ ಉಳಿದರೆ, ಇಲ್ಲವೇ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಅದು ಖಿನ್ನತೆ. ಊಟ ಸೇರಲ್ಲ. ಮಗು ಮಲಗಿದ್ದರೂ ಇವಳಿಗೆ ನಿದ್ದೆ ಬರಲ್ಲ. ಮಗು ಮೇಲೆ ಅಕ್ಕರೆ ಹುಟ್ಟುತ್ತಿಲ್ಲವಲ್ಲ ಅನ್ನುವ ಸಂಕಟ. ಸತ್ತುಹೋದರೆ ಮಗುವಿಗೇ ಒಳ್ಳೆಯದು ಅನ್ನುವ ಯೋಚನೆಯೂ ಬರಬಹುದು. ಭಾರತದಲ್ಲಿ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವರದಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಹೆತ್ತ ತಾಯಂದಿರಲ್ಲಿ ಶೇಕಡಾ 22ರಷ್ಟು ಮಂದಿಗೆ ಖಿನ್ನತೆ. ಅಂದರೆ ಐದರಲ್ಲಿ ಒಬ್ಬರು. ನಿಮ್ಮ ಬಳಗದಲ್ಲಿ ಹೆತ್ತ ಹೆಣ್ಣುಮಕ್ಕಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ.

ಇದು ಹೆರಿಗೆಯಾದ ಮೇಲೆಯೇ ಶುರುವಾಗುತ್ತೆ ಅಂತಲೂ ಇಲ್ಲ. ಎಷ್ಟೋ ಸಲ ಬಸುರಿನಲ್ಲೇ ಬೇರು ಬಿಟ್ಟಿರುತ್ತದೆ. ಹಿಂದೆ ಗರ್ಭ ಹೋಗಿದ್ದವಳು ಈ ಸಲ ಒಂಬತ್ತು ತಿಂಗಳೂ ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಸೀಮಂತದ ಫೋಟೋದಲ್ಲಿ ಹಸಿರು ಬಳೆ, ಮುಡಿತುಂಬ ಹೂವು, ನಗು ಎಲ್ಲಾ ಇರುತ್ತೆ. ಮೊದಲಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವಳದ್ದು ಇನ್ನೊಂದು ಕಷ್ಟ. ಬಸುರಿ ಅಂತ ಗೊತ್ತಾದ ದಿನವೇ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ವಾಲ್‌ಪ್ರೋಯೇಟ್‌ನಂಥ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ನಿಜ. ಆದರೆ ಬಸುರಿಯರಿಗೂ ಹಾಲೂಡಿಸುವವರಿಗೂ ಕೊಡಬಹುದಾದ ಬೇರೆ ಮಾತ್ರೆಗಳಿವೆ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಯಾವುದು ಇರಲಿ, ಯಾವುದು ಬದಲಾಗಲಿ ಅಂತ ಮನೋವೈದ್ಯರು ಹೇಳಬೇಕು. ಆಗುವುದಾದರೆ ಬಸುರಾಗುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೆಣ್ಣು ಮಗು ಹುಟ್ಟಿದಾಗ ಮನೆಯವರ ಮುಖ ಬಾಡುವುದರ ಬಗ್ಗೆಯೂ ಹೇಳಲೇಬೇಕು. ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಗೋವಾದಲ್ಲಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅಲ್ಲಿ ತಾಯಿಯ ಖಿನ್ನತೆಗೆ ಬಡತನ ಮತ್ತು ಗಂಡನ ಜೊತೆಗಿನ ಹದಗೆಟ್ಟ ಸಂಬಂಧ ದೊಡ್ಡ ಕಾರಣಗಳಾಗಿದ್ದವು. ಹುಟ್ಟಿದ ಮಗು ಹೆಣ್ಣೋ ಗಂಡೋ ಅನ್ನುವುದೂ ಲೆಕ್ಕಕ್ಕೆ ಬರುತ್ತಿತ್ತು. ಬಾಣಂತಿ ಕೋಣೆಗೆ ಬಂದು "ಪರವಾಗಿಲ್ಲ ಬಿಡು, ಮುಂದಿನ ಸಲ ಗಂಡಾಗುತ್ತೆ" ಅನ್ನುವವರೇ, ದಯವಿಟ್ಟು ಆ ಮಾತು ಆಡಬೇಡಿ. ಹೊಲಿಗೆ ಇನ್ನೂ ಮಾಗದ ಹೆಂಗಸಿಗೆ ಹೇಳುವ ಮಾತಾ ಅದು?

ಇನ್ನೊಂದು ಸ್ಥಿತಿಯನ್ನು ಎಲ್ಲರೂ ಗುರುತಿಸಲು ಕಲಿಯಬೇಕು. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರು. ನಿದ್ದೆಯೇ ಇಲ್ಲ, ಮಾತು ಅಡ್ಡಾದಿಡ್ಡಿ, ಇಲ್ಲದ ದನಿ ಕೇಳಿಸುತ್ತದೆ, ಮಗು ತನ್ನದಲ್ಲ ಅಂತಲೋ ಅದಕ್ಕೆ ದೇವರೋ ದೆವ್ವವೋ ಬಂದಿದೆ ಅಂತಲೋ ಹೇಳಬಹುದು. ಬೆಳಿಗ್ಗೆ ಸರಿಯಿದ್ದಳಲ್ಲ ಅಂತ ಕಾಯಬಾರದು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೋಗುವ ಆ ಎರಡು-ಮೂರು ದಿನದಲ್ಲೇ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಆಗಬಹುದು. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಚಿಕಿತ್ಸೆ ಸಿಕ್ಕರೆ ಗುಣವಾಗುವ ಕಾಯಿಲೆ ಇದು.

"ಹೇಳಿದರೆ ಹುಚ್ಚಿ ಅಂತಾರೆ, ಮಗು ಕಿತ್ಕೋತಾರೆ." ಈ ಭಯಕ್ಕೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಅದಕ್ಕೆ ಹೇಳುತ್ತೇನೆ ಕೇಳಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಾರ್ಡ್ ಇದೆ. ತಾಯಿ ದಾಖಲಾದರೆ ಮಗುವೂ ಜೊತೆಗೇ ಇರುತ್ತದೆ. ಕಾನೂನೂ ಹಾಗೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ದೂರ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಅಂತ ಡಾಕ್ಟರಿಗೆ ಅನ್ನಿಸಿದರೆ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ. ಆಗಲೂ ಸಿಬ್ಬಂದಿ ಕಣ್ಣೆದುರಿಗೆ ಅವಳು ಮಗುವನ್ನು ನೋಡಬಹುದು. ಬೆಂಗಳೂರಿಗೆ ಬರಲಾಗದವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಹಾಗೆಯೇ ರಕ್ತ ಕಡಿಮೆಯಿದೆಯಾ, ಥೈರಾಯ್ಡ್ ಏರುಪೇರಾಗಿದೆಯಾ ಅಂತ ಒಂದು ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಇವೆರಡೂ ಸುಸ್ತು, ಬೇಸರ ಹೆಚ್ಚಿಸುವುದುಂಟು.

ಗಂಡಸರಿಗೆ ಒಂದು ಮಾತು. ವಾರಕ್ಕೊಮ್ಮೆ ಅತ್ತೆಮನೆಗೆ ಹೋಗಿ ಮಗುವನ್ನು ಆಡಿಸಿ ಬಂದರೆ ಸಾಲದು. ಹೋದ ದಿನ ರಾತ್ರಿ ಮಗುವನ್ನು ನೀವು ನೋಡಿಕೊಳ್ಳಿ. ಹಾಲಿಗೆ ಮಾತ್ರ ಅವಳ ಹತ್ತಿರ ಕೊಟ್ಟು, ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ನೀವೇ ಮಾಡಿ. ಅವಳಿಗೆ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕರೆ ಅದೇ ಅರ್ಧ ಔಷಧ.

ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತಾ ಅನ್ನುವವರಿದ್ದಾರೆ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ಆಗಿದೆ. ಅಲ್ಲಿ ನಮ್ಮ ಆಶಾ ಥರದ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿದ್ದ ಬಸುರಿಯರ ಜೊತೆ ಮಾತಾಡಿಸಿದರು. ಮಗುವಿಗೆ ಆರು ತಿಂಗಳಾಗುವಾಗ ಅವರಲ್ಲಿ ಶೇಕಡಾ 23 ಮಂದಿಗಷ್ಟೇ ಖಿನ್ನತೆ ಉಳಿದಿತ್ತು. ಆ ಮಾತುಕತೆ ಸಿಗದ ತಾಯಂದಿರಲ್ಲಿ ಶೇಕಡಾ 53. ಇದು 2008ರಲ್ಲೇ ಪ್ರಕಟವಾದ ಅಧ್ಯಯನ. ಕೇಳುವುದಕ್ಕೂ ಹೊಸದಾಗಿ ಏನೂ ಹುಡುಕಬೇಕಿಲ್ಲ. ಕಳೆದ 7 ದಿನ ಮನಸ್ಸು ಹೇಗಿತ್ತು ಅಂತ ತಿಳಿಯುವ 10 ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಅದನ್ನು ತಾಯಿ ಕಾರ್ಡಿನಲ್ಲಿ ಸೇರಿಸಿ. ಮಗುವಿಗೆ 6, 10, 14 ವಾರದ ಚುಚ್ಚುಮದ್ದಿಗೆ ಬಂದಾಗ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಅತ್ತೆ, ಅಮ್ಮ, ಗಂಡ ಎದುರಿಗಿಲ್ಲದಾಗ ಕೇಳಿ.

ಇದನ್ನೆಲ್ಲ ಆಶಾ ಅಕ್ಕಂದಿರ ತಲೆಗೆ ಸುಮ್ನೆ ಕಟ್ಟಿಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಆರೂ ಭೇಟಿ ಮುಗಿಸಿದರೆ ಅವರಿಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಒಬ್ಬ ತಾಯಿ ಮನಸ್ಸು ಬಿಚ್ಚಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಗೆ ಬೇರೆ ದುಡ್ಡು ಕೊಡಿ, ತರಬೇತಿ ಕೊಡಿ, ತಾಯಿ "ಬದುಕೋದು ಬೇಡ ಅನ್ನಿಸುತ್ತೆ" ಅಂದ ದಿನ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಬರೆದು ಅವರ ಕೈಗೆ ಕೊಡಿ.