ಎರಡು ಕೋಣ, ಒಂದು ನೊಗ, ನನ್ನ ಡಿಫ್ ಕಥೆ

ಕಳೆದ ತಿಂಗಳು ಮನೆಯ ವಾಟ್ಸಾಪ್ ಗ್ರೂಪಿಗೆ ತಪ್ಪಿ ನನ್ನದೊಂದು ಮೆಸೇಜ್ ಹೋಯಿತು. "ಎಲ್‌ಎಸ್‌ಡಿ ಬಂತು, ನಾಳೆ ಹಾಕುವ." ಐದು ನಿಮಿಷದಲ್ಲಿ ಚಿಕ್ಕಮ್ಮನ ಫೋನ್. ಪೇಪರಿನಲ್ಲಿ ಪೊಲೀಸರು ಹಿಡಿದರು ಅಂತ ಬರುವ ಡ್ರಗ್ ಎಲ್‌ಎಸ್‌ಡಿ ಅದಲ್ಲ, ಇದು ಕಾರಿನ ಹಿಂದಿನ ಎರಡು ಚಕ್ರದ ನಡುವೆ ಕೂರುವ, ಒಂದೇ ಚಕ್ರ ಸುಮ್ನೆ ಜಾರುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಮಂಡೆ ಬಿಸಿ ಆಯಿತು. "ಅದಕ್ಕೆ ಎಷ್ಟು ಕೊಟ್ಟೆ?" ಅಂತ ಕೇಳಿದರು. ಆಗ ಮಾತ್ರ ನಾನು ನೆಟ್‌ವರ್ಕ್ ಇಲ್ಲ ಅಂದೆ.

ನಿಜ ಹೇಳಬೇಕೆಂದರೆ ಎರಡು ಸಲ ಕೊಟ್ಟಿದ್ದೇನೆ. ಮೊದಲು ತಪ್ಪಾದದ್ದಕ್ಕೆ, ಆಮೇಲೆ ಸರಿಯಾದದ್ದಕ್ಕೆ. ಇನ್‌ಬಾಕ್ಸಿನಲ್ಲಿ ಮೂರು ನಾಲ್ಕು ಜನ ಹುಡುಗರು ಯಾವ ಎಲ್‌ಎಸ್‌ಡಿ ಹಾಕುವುದು ಅಂತ ಕೇಳಿದ್ದಾರೆ, ಎಲ್ಲರಿಗೂ ಒಟ್ಟಿಗೆ ಇಲ್ಲೇ ಬರೆಯುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 328ಐ. 245 ಕುದುರೆ ಶಕ್ತಿ, ಎಲ್ಲವೂ ಹಿಂದಿನ ಚಕ್ರಕ್ಕೆ. ನಾಲ್ಕು ಬಾಗಿಲಿನದ್ದು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರು ಇದ್ದಾರೆ, ಇರಲಿ. ವಾರಕ್ಕೆ ಐದು ದಿನ ಸುರತ್ಕಲ್‌ನಿಂದ ಮಂಗಳೂರಿಗೆ ಆಫೀಸು, ತಿಂಗಳಿಗೊಮ್ಮೆ ಆಗುಂಬೆ ಅಥವಾ ಕುದುರೆಮುಖದ ಕಡೆ, ವರ್ಷಕ್ಕೆ ಮೂರೋ ನಾಲ್ಕೋ ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕ್. ಈ ಲೆಕ್ಕ ಸ್ವಲ್ಪ ನೆನಪಿಡಿ. ಮೊದಲನೇ ಸಲ ನಾನು ಮರೆತದ್ದು ಇದನ್ನೇ.

ಡಿಫ್ ಅಂದರೆ ಡಿಫರೆನ್ಷಿಯಲ್, ಎಂಜಿನ್ನಿನ ಎಳೆತವನ್ನು ಎರಡು ಚಕ್ರಕ್ಕೆ ಹಂಚಿ, ತಿರುವಿನಲ್ಲಿ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು. ಕಂಪನಿಯಿಂದ ಬರುವಾಗ ನನ್ನ ಗಾಡಿಯಲ್ಲಿ ಇರುವುದು ಓಪನ್ ಡಿಫ್. ಗದ್ದೆಯಲ್ಲಿ ಕೋಣ ಕಟ್ಟಿ ಉಳುವುದನ್ನು ನೋಡಿದವರಿಗೆ ಅದು ಬೇಗ ಅರ್ಥ ಆಗುತ್ತದೆ. ನೊಗದ ನಡುವಿನಿಂದ ನೇಗಿಲಿಗೆ ಹಗ್ಗ, ಎರಡು ತುದಿಗೆ ಎರಡು ಕೋಣ. ಒಂದು ಕೋಣ ಕೆಸರಿನಲ್ಲಿ ಕಾಲು ಜಾರಿ ಎಳೆಯುವುದನ್ನು ಬಿಟ್ಟಿತು ಅಂತ ಇಟ್ಟುಕೊಳ್ಳಿ. ಇನ್ನೊಂದು ಎಷ್ಟೇ ಜೋರಿನದ್ದಾದರೂ ನೊಗ ಓರೆ ಆಗುತ್ತದೆಯೇ ಹೊರತು ನೇಗಿಲು ಮುಂದೆ ಬರುವುದಿಲ್ಲ. ಸೋತ ಕೋಣ ಎಷ್ಟು ಎಳೆಯುತ್ತದೋ ಗಟ್ಟಿ ಕೋಣದ ಎಳೆತವೂ ಅಷ್ಟಕ್ಕೇ ನಿಲ್ಲುತ್ತದೆ. ಓಪನ್ ಡಿಫ್ ಹೀಗೆಯೇ, ಎರಡೂ ಚಕ್ರಕ್ಕೆ ಯಾವಾಗಲೂ ಒಂದೇ ಅಳತೆಯ ಟಾರ್ಕ್, ಅಂದರೆ ತಿರುಗಿಸುವ ಬಲ. ಟ್ರ್ಯಾಕಿನಲ್ಲಿ ತಿರುವಿನಿಂದ ಹೊರಗೆ ಬರುವಾಗ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಇರುತ್ತದೆ, ಹಗುರಾದ ಒಳಗಿನ ಚಕ್ರ ಸುಮ್ನೆ ಗರಗರ ತಿರುಗುತ್ತದೆ, ಗಾಡಿ ಎಳೆಯುವುದಿಲ್ಲ.

ಹಾಗಂತ ನೊಗ ಮತ್ತು ನೇಗಿಲಿಗೆ ಮೊಳೆ ಹೊಡೆದು ಗಟ್ಟಿ ಮಾಡಿದರೆ? ಅದೂ ಉಂಟು, ವೆಲ್ಡ್ ಮಾಡಿದ ಡಿಫ್. ಒಳಗಿನ ಸ್ಟಾರ್ ಗೇರುಗಳನ್ನೇ ಬೆಸುಗೆ ಹಾಕಿ ಕೂರಿಸುವುದು. ಡ್ರಿಫ್ಟ್ (ಗಾಡಿಯನ್ನು ಬೇಕಂತಲೇ ಅಡ್ಡ ಜಾರಿಸುವುದು) ಮಾಡುವವರಿಗೆ ಸಸ್ತಾ ದಾರಿ, ರಸ್ತೆಯಲ್ಲಿ ಓಡಿಸುವವರಿಗೆ ಬೇಡವೇ ಬೇಡ. ತಿರುಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಹೋಗಲೇಬೇಕು, ಅದಕ್ಕೆ ಅವಕಾಶ ಕೊಡದಿದ್ದರೆ ಟೈರು ಉಜ್ಜುತ್ತದೆ, ಇಲ್ಲದಿದ್ದರೆ ಆಕ್ಸಲ್ ಮುರಿಯುತ್ತದೆ. ಹಾಗಾದರೆ ಮಹೀಂದ್ರ ಥಾರ್‌ನಲ್ಲಿ ಬರುವುದು ಎಂತದು ಅಂತ ಒಬ್ಬ ಕೇಳಿದ್ದ. ಅದು ಲಾಕಿಂಗ್ ಡಿಫ್, ಕೆಸರಿನಲ್ಲಿ ನಿಧಾನಕ್ಕೆ ಹೋಗುವಾಗ ಒಂದು ಚಕ್ರ ಜಾರಿದರೆ ಎರಡನ್ನೂ ಪೂರ್ತಿ ಕಚ್ಚಿ ಹಿಡಿಯುತ್ತದೆ. ನಮ್ಮ ಕೆಲಸಕ್ಕೆ ಅದಲ್ಲ.

ನನಗೆ ಡಿಫ್ ಬೇಕು ಅಂತ ಗೊತ್ತಾದದ್ದು ಹಿಂದಿನ ಬ್ರೇಕ್ ಪ್ಯಾಡಿನಿಂದ. ಸಾಮಾನ್ಯವಾಗಿ ಮುಂದಿನದ್ದು ಮೊದಲು ಸವೆಯಬೇಕು ಅಲ್ವಾ? ಕರಿ ಟ್ರ್ಯಾಕ್ 2.1 ಕಿಲೋಮೀಟರಿನದ್ದು. ಅಲ್ಲಿ ಒಂದು ದಿನ ಓಡಿಸಿ ಬಂದ ಮೇಲೆ ನೋಡಿದರೆ ನನ್ನದರಲ್ಲಿ ಹಿಂದಿನ ಪ್ಯಾಡೇ ಮುಗಿದಿತ್ತು. ಜಾರುವ ಚಕ್ರವನ್ನು ಕಂಪ್ಯೂಟರ್ ಬ್ರೇಕ್ ಒತ್ತಿ ಹಿಡಿಯುತ್ತದೆ, ಹಾಗೆ ಹಿಡಿದಾಗ ಇನ್ನೊಂದು ಚಕ್ರಕ್ಕೂ ಸ್ವಲ್ಪ ಎಳೆತ ಸಿಗುತ್ತದೆ. ಈಗಿನ ಎಷ್ಟೋ ಕಾರಿನ ಬ್ರೋಶರಿನಲ್ಲಿ ಎಲೆಕ್ಟ್ರಾನಿಕ್ ಡಿಫ್ ಲಾಕ್ ಅಂತ ಬರೆದಿರುವುದು ಈ ಬ್ರೇಕಿನ ಆಟವನ್ನೇ. ರಸ್ತೆಗೆ ಸಾಕು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಎಂಜಿನ್ನಿನ ಶಕ್ತಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. 2004ರ ಫೆರಾರಿ ಎಫ್430ರಲ್ಲಿ ಬಂದ ಇ-ಡಿಫ್, 2014ರ ಬಿಎಂಡಬ್ಲ್ಯು ಎಂ3ಯಲ್ಲಿ ಇರುವ ಆಕ್ಟಿವ್ ಡಿಫ್, ಇವು ಬೇರೆ ಜಾತಿ. ಅವುಗಳೊಳಗೆ ನಿಜವಾದ ಕ್ಲಚ್ ಪ್ಲೇಟುಗಳೇ ಇವೆ, ಕಂಪ್ಯೂಟರ್ ಅವನ್ನು ಒತ್ತುತ್ತದೆ. ನಮ್ಮ ಬಜೆಟ್ಟಿನ ಮಾತಲ್ಲ.

ಸರಿ, ಮೆಕ್ಯಾನಿಕಲ್ ಎಲ್‌ಎಸ್‌ಡಿ ಹಾಕುವ ಅಂತ ಹೊರಟೆ. ಬೇರೆ ಊರಿನ ಒಂದು ಟ್ಯೂನಿಂಗ್ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. "ಟ್ರ್ಯಾಕಿಗಾ? ಟೂ-ವೇ ಹಾಕಿ ಸರ್, ಕಣ್ಣು ಮುಚ್ಚಿ." ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ಹಾಕಿದೆ.

ಅವರು ಕಳುಹಿಸಿದ್ದು ಕ್ಲಚ್ ಪ್ಲೇಟ್ ಇರುವ ಡಿಫ್. ಅದರೊಳಗೆ ಎಂತ ಆಗುತ್ತದೆ ಅಂದರೆ, ಆಕ್ಸಿಲರೇಟರ್ ಕೊಟ್ಟಾಗ ನಡುವಿನ ಪಿನ್ನು ಎರಡು ರಿಂಗುಗಳ ಇಳಿಜಾರಿನ ಮೇಲೆ ಹತ್ತಿ ಅವನ್ನು ಅತ್ತ ಇತ್ತ ದೂಡುತ್ತದೆ. ರಿಂಗುಗಳು ಕ್ಲಚ್ ಪ್ಲೇಟುಗಳನ್ನು ಒತ್ತುತ್ತವೆ, ಎರಡು ಚಕ್ರ ಕಟ್ಟಿ ಹಾಕಿದಂತಾಗುತ್ತದೆ. ಎಷ್ಟು ಜೋರು ಕಟ್ಟಬೇಕು ಅನ್ನುವುದು ಆ ಇಳಿಜಾರಿನ ಕೋನದ ಮೇಲೆ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಕಟ್ಟುವುದು ಒನ್-ವೇ. ಕಾಲು ತೆಗೆದಾಗಲೂ ಅಷ್ಟೇ ಜೋರು ಕಟ್ಟುವುದು ಟೂ-ವೇ. ಕಾಲು ತೆಗೆದಾಗ ಸ್ವಲ್ಪ ಕಡಿಮೆ ಕಟ್ಟುವುದಕ್ಕೆ ಒಂದೂವರೆ ವೇ ಅನ್ನುತ್ತಾರೆ, ಹೆಸರು ತಮಾಷೆಯಾಗಿದ್ದರೂ ಟ್ರ್ಯಾಕಿಗೇ ಅಂತ ಓಡಿಸುವ ಎಷ್ಟೋ ಜನ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. ಇದಲ್ಲದೆ ಪ್ರಿಲೋಡ್ ಅಂತ ಒಂದು ಉಂಟು, ಅಂದರೆ ಎಂತದೂ ಮಾಡದೆ ಇರುವಾಗಲೂ ಪ್ಲೇಟುಗಳ ಮೇಲೆ ಇರುವ ಒತ್ತಡ. ನನಗೆ ಕಳುಹಿಸಿದ್ದರಲ್ಲಿ ಅದು ಸಿಕ್ಕಾಪಟ್ಟೆ ಇತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಒಣ ಟ್ರ್ಯಾಕಿನಲ್ಲಿ ಭಾರೀ ಖುಷಿ, ಸುಳ್ಳು ಹೇಳುವುದಿಲ್ಲ. ತಿರುವಿನ ನಡುವೆಯೇ ಆಕ್ಸಿಲರೇಟರ್ ಒತ್ತಿದರೆ ಗಾಡಿ ಬಾಣದ ಹಾಗೆ ಹೊರಗೆ ಬರುತ್ತಿತ್ತು. ಬ್ರೇಕ್ ಹಾಕುವಾಗಲೂ ಹಿಂಭಾಗ ಅಲ್ಲಾಡುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಶುರುವಾಯಿತು. ಬಿಜೈಯಲ್ಲಿ ಅಕ್ಕನ ಫ್ಲ್ಯಾಟಿನ ಬೇಸ್‌ಮೆಂಟಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಕೀಂಯ್ ಕೀಂಯ್, ಒಳಗಿನಿಂದ ಕಟಕಟ. ವಾಚ್‌ಮನ್ ಓಡಿ ಬಂದು "ಎಂತ ಸರ್, ಆಕ್ಸಲ್ ಹೋಯ್ತಾ?" ಅಂತ ಕೇಳಿದ. ಪಡೀಲಿನ ನನ್ನ ಮೆಕ್ಯಾನಿಕ್ ಅಣ್ಣ ಎಣ್ಣೆ ಬದಲಿಸಿ, ಪ್ಲೇಟಿನ ಉಜ್ಜಾಟ ನಯ ಮಾಡಲು ಅಂತಲೇ ಬರುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ ಕೊಟ್ಟರು. ಭಾನುವಾರ ಬೈಕಂಪಾಡಿಯ ಖಾಲಿ ರಸ್ತೆಯಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕಿ ಪ್ಲೇಟು ಪಳಗಿಸಿದೆವು. ಸದ್ದು ಅರ್ಧ ಕಡಿಮೆ ಆಯಿತು.

ಆಮೇಲೆ ಜೂನ್ ಬಂತು.

ಲೇಡಿಹಿಲ್ ಸರ್ಕಲ್. ರಾತ್ರಿ ಒಂಬತ್ತು ಗಂಟೆ, ಮೊದಲ ದೊಡ್ಡ ಮಳೆ, ರಸ್ತೆಯ ಮೇಲೆ ಎಣ್ಣೆಯೂ ಕೆಂಪು ಮಣ್ಣೂ ಸೇರಿದ ಪಾಯಸ. ಸ್ಪೀಡು ಮೂವತ್ತು ಕೂಡ ಇರಲಿಲ್ಲ. ಜಾರುವ ಚಕ್ರವನ್ನು ಹಿಡಿಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಸಡಿಲದ ಮೋಡಿಗೆ ಹಾಕಿ ಇಟ್ಟಿದ್ದೆ, ಅದು ನನ್ನದೇ ಶೋಕಿ. ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟದ್ದು, ಹಿಂಭಾಗ ಇಡೀ ಪಕ್ಕಕ್ಕೆ ಬಂತು. ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಗೆ ಒಂದು ಸಿಟಿ ಬಸ್ಸು. ಆ ಡ್ರೈವರ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬಸ್ಸು ನಿಂತಿತ್ತು, ಅಷ್ಟರಿಂದ ಬಚಾವ್.

ಇಲ್ಲೇ ನನಗೆ ಮಂಡೆಗೆ ಹೋದ ವಿಷಯ ಇರುವುದು. ಓಪನ್ ಡಿಫ್ ಆಗಿದ್ದರೆ ಆಗ ಒಳಗಿನ ಒಂದು ಚಕ್ರ ಮಾತ್ರ ಜಾರುತ್ತಿತ್ತು. ಹೊರಗಿನದ್ದು ಸುಮ್ನೆ ಉರುಳುತ್ತಾ ಗಾಡಿಯನ್ನು ರಸ್ತೆಗೆ ಹಿಡಿದುಕೊಳ್ಳುತ್ತಿತ್ತು. ಗಾಡಿ ಮುಂದೆ ಹೋಗುತ್ತಿರಲಿಲ್ಲ, ಪಕ್ಕಕ್ಕೂ ಹೋಗುತ್ತಿರಲಿಲ್ಲ. ಎರಡು ಚಕ್ರ ಬಿಗಿಯಾಗಿ ಕಟ್ಟಿದ್ದರೆ ಜಾರುವಾಗಲೂ ಎರಡು ಒಟ್ಟಿಗೇ ಜಾರುತ್ತವೆ, ಪಕ್ಕಕ್ಕೆ ಹಿಡಿಯಲು ಯಾವುದೂ ಉಳಿಯುವುದಿಲ್ಲ. ಟ್ರ್ಯಾಕಿನಲ್ಲಿ ನಾವು ಬೈಯುವ ಓಪನ್ ಡಿಫಿನ ಆ ದೋಷವೇ ಮಳೆಯಲ್ಲಿ ನಮ್ಮನ್ನು ಕಾಯುವುದು. ಫೋನಿನಲ್ಲಿ ತೀರ್ಪು ಕೊಟ್ಟ ಅಂಗಡಿಯವರ ಊರಿನಲ್ಲಿ ನಮ್ಮ ಹಾಗೆ ನಾಲ್ಕು ತಿಂಗಳು ಬಿಡದೆ ಮಳೆ ಬರುವುದಿಲ್ಲ, ಅವರಿಗೆ ಆಗುಂಬೆಯ 14 ಹೇರ್‌ಪಿನ್ನು ಜುಲೈಯಲ್ಲಿ ಹೇಗಿರುತ್ತದೆ ಅಂತ ಗೊತ್ತಿಲ್ಲ. ತಪ್ಪು ನನ್ನದೇ, ಗೊತ್ತಿರುವವನು ನಾನು.

ಈಗ ಹಾಕಿಸಿದ್ದು ಹೆಲಿಕಲ್, ಗೇರಿನದ್ದು. ಟಾರ್ಸೆನ್, ಕ್ವೈಫ್ ಎಲ್ಲ ಈ ಮನೆತನದವು. 1958ರಲ್ಲಿ ಅಮೆರಿಕದ ವರ್ನನ್ ಗ್ಲೀಸ್ಮನ್ ಮಾಡಿದ ಟಾರ್ಸೆನ್ ಇದರ ಹಿರಿಯಣ್ಣ. ಒಳಗೆ ಪ್ಲೇಟು ಇಲ್ಲ, ಓರೆ ಹಲ್ಲಿನ ಗೇರುಗಳು ಎಳೆತ ಬಿದ್ದಾಗ ಗೋಡೆಗೆ ಒತ್ತಿಕೊಂಡು ಅವೇ ಬಿಗಿಯಾಗುತ್ತವೆ, ಕಾಲು ಎತ್ತಿದರೆ ಹೆಚ್ಚು ಕಡಿಮೆ ಓಪನ್ ಡಿಫಿನ ಹಾಗೆ ಬಿಡುತ್ತವೆ. ಇದರ ಲೆಕ್ಕ ಗುಣಾಕಾರದ್ದು. ಅನುಪಾತ 2.5 ಅಂತ ಇದ್ದರೆ, ಜಾರುವ ಚಕ್ರ 100 ನ್ಯೂಟನ್ ಮೀಟರ್ ಟಾರ್ಕ್ ತಡೆದುಕೊಂಡಾಗ ಇನ್ನೊಂದಕ್ಕೆ 250ರ ತನಕ ಹೋಗುತ್ತದೆ. ತೊಂದರೆಯೂ ಇದೇ ಗುಣಾಕಾರದಲ್ಲಿ ಉಂಟು. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದರದ್ದು ಸೊನ್ನೆ, ಸೊನ್ನೆಯನ್ನು ಎರಡೂವರೆಯಿಂದ ಗುಣಿಸಿದರೂ ಸೊನ್ನೆ. ಟ್ರ್ಯಾಕಿನ ಅಂಚಿನ ದಿಣ್ಣೆ (ಕರ್ಬ್) ಹತ್ತಿ ಚಕ್ರ ಎತ್ತುವ ಗಟ್ಟಿ ಸಸ್ಪೆನ್ಷನ್ನಿನ ಗಾಡಿ ನಿಮ್ಮದಾದರೆ ಇದು ಕೈ ಕೊಡುತ್ತದೆ. ಅಂಥವರಿಗೆ ವೇವ್‌ಟ್ರ್ಯಾಕ್ ಉಂಟು, ಹೆಲಿಕಲ್ಲೇ, ಆದರೆ ಸೊನ್ನೆಯ ಹೊತ್ತಿಗೆ ತಾನೇ ಸ್ವಲ್ಪ ಒತ್ತಡ ಹುಟ್ಟಿಸುತ್ತದೆ. ಅಥವಾ ಕಡಿಮೆ ಪ್ರಿಲೋಡಿನ ಒಂದೂವರೆ ವೇ ಪ್ಲೇಟ್ ಹಾಕಿ, ಕೆಲವು ಟ್ರ್ಯಾಕ್ ದಿನಕ್ಕೊಮ್ಮೆ ಎಣ್ಣೆ ಬದಲಿಸಿ, ಪ್ಲೇಟು ಸವೆದಾಗ ಬಿಚ್ಚಿಸಲು ತಯಾರಿರಿ.

ಕಂಪನಿಗಳೇ ರಸ್ತೆಗೆ ಅಂತ ಮಾಡಿದ ಸ್ಪೋರ್ಟ್ಸ್ ಕಾರುಗಳನ್ನು ನೋಡಿ. ಮಜ್ದಾ ಎಂಎಕ್ಸ್-5ರ ಮೊದಲ 1.6ರಲ್ಲಿ ಸಿಲಿಕೋನ್ ದ್ರವದ ವಿಸ್ಕಸ್ ಡಿಫ್ ಕೊಡುತ್ತಿದ್ದರು. ಅದು ಜಾರಿ ಬಿಸಿಯಾದ ಮೇಲೆ ಎಚ್ಚರ ಆಗುವ ಸೋಮಾರಿ. 1994ರಲ್ಲಿ 1.8 ಬಂದಾಗ ಟಾರ್ಸೆನ್ ಕೊಟ್ಟರು. ಹೋಂಡಾ ಎಸ್2000, ಟೊಯೋಟಾ 86, ಎರಡರಲ್ಲೂ ಟಾರ್ಸೆನ್. ಮುಂದಿನ ಚಕ್ರ ಎಳೆಯುವ ಸಿವಿಕ್ ಟೈಪ್ ಆರ್‌ನಲ್ಲೂ ಹೆಲಿಕಲ್. ಪೋಲೊ, ಹಳೆಯ ಸಿಟಿ ವಿಟೆಕ್ ಇಟ್ಟುಕೊಂಡಿರುವ ಹುಡುಗರೇ, ನಿಮಗಂತೂ ಇದೇ. ಮುಂದಿನ ಚಕ್ರಕ್ಕೆ ಬಿಗಿ ಪ್ಲೇಟ್ ಹಾಕಿದರೆ ಸ್ಟೀರಿಂಗು ಹಗ್ಗ ಕಿತ್ತ ಕೋಣದ ಹಾಗೆ ಎಳೆಯುತ್ತದೆ. ಅದಕ್ಕೂ ಮೊದಲು ಒಳ್ಳೆಯ ಟೈರ್ ಹಾಕಿ ಮಾರಾಯ್ರೇ, ಬೋಳು ಟೈರಿಗೆ ಯಾವ ಡಿಫ್ ಹಾಕಿದರೂ ಅಷ್ಟೇ.

ಕೂರಿಸುವ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಗಾಡಿಯಲ್ಲಿ ಡಿಫನ್ನು ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲನ್ನು ಬೋಲ್ಟ್ ಮಾಡಿಲ್ಲ, ವೆಲ್ಡ್ ಮಾಡಿದ್ದಾರೆ. ಅದನ್ನು ಲೇತಿನಲ್ಲಿ ಕತ್ತರಿಸಿ ಬಿಡಿಸಬೇಕಾಯಿತು. ಆಮೇಲೆ ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್, ಇವುಗಳ ನಡುವಿನ ಸಂದು ಶಿಮ್ (ತೆಳು ಲೋಹದ ಬಿಲ್ಲೆ) ಇಟ್ಟು ಸರಿ ಮಾಡಬೇಕು, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತದೆ ಅಂತ ನೋಡಬೇಕು. ಕೂದಲೆಳೆ ತಪ್ಪಿದರೂ 80ರಲ್ಲಿ ಹೂಂ ಅಂತ ರಾಗ ಶುರು. ಅಣ್ಣ ಮೂರು ಸಲ ಬಿಚ್ಚಿದರು, ಮೂರನೆಯ ಸಲ ನಾನು ಗೋಳಿಬಜೆ ತರಲು ಹೋಗಿದ್ದಾಗ ಸರಿಯಾಯಿತು. ಇನ್ಶೂರೆನ್ಸಿನವರು ಮತ್ತು ಆರ್‌ಟಿಒ ಮಾಡಿಫಿಕೇಷನ್ನಿಗೆ ಏನನ್ನುತ್ತಾರೆ ಅನ್ನುವುದನ್ನೂ ನೋಡಿಕೊಳ್ಳಿ. ಟ್ರ್ಯಾಕಿಗೆ ಹೋಗುವ ದಾರಿ ತಲಪಾಡಿ ದಾಟಿ ಕೇರಳದ ಮೂಲಕ. ಅಲ್ಲಿಯವರ ಕಣ್ಣು ಬಹಳ ಚುರುಕು.

ಹೆಲಿಕಲ್ ಹಾಕಿ ಒಂದು ಸಲ ಕರಿಗೆ ಹೋಗಿ ಬಂದೆ. ಟೂ-ವೇಯಷ್ಟು ಖಾರ ಇಲ್ಲ, ಬ್ರೇಕ್ ಹಾಕುವಾಗಿನ ಆ ಗಟ್ಟಿತನವೂ ಇಲ್ಲ. ಹಿಂದಿನ ಪ್ಯಾಡು ಮಾತ್ರ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮೊನ್ನೆ ಮಳೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಹತ್ತಿದೆ. ಅಮ್ಮ ಮೂರನೇ ತಿರುವಿಗೆ ನಿದ್ದೆ ಹೋದರು.

ಹಳೆಯ ಟೂ-ವೇ ಮನೆಯ ಅಂಗಳದಲ್ಲಿ ಉಂಟು. ಬೇಸಿಗೆಯಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಟಾರ್ಪಾಲಿನ ಮೂಲೆಗೆ ಭಾರ ಇಡಲು ಅಮ್ಮ ಅದನ್ನೇ ಬಳಸಿದ್ದು. ಪ್ಲೇಟು ಒಳ್ಳೆಯದಿದೆ, ಪ್ರಿಲೋಡ್ ಇಳಿಸಿಕೊಳ್ಳಬೇಕು. ಡ್ರಿಫ್ಟ್ ಗಾಡಿ ಇರುವವರು ಮಾತ್ರ ಮೆಸೇಜ್ ಮಾಡಿ, ರೇಟು ಮಾತಾಡುವ.