ತಿಗ್ರೆಗೆ 'ಟ' ಬೇಡ

ತಿಗ್ರೆ, ತಿಗ್ರಿನ್ಯಾ, ತಿಗ್ರಾಯ್ ಮೂರನ್ನೂ ಕಲಸಿಬಿಡುವ ಚಾಳಿ 2020ರಲ್ಲಿ ತಿಗ್ರಾಯ್‌ನಲ್ಲಿ ಶುರುವಾದ ಯುದ್ಧದ ಸುದ್ದಿಗಳಲ್ಲಿ ಇನ್ನಷ್ಟು ಬೆಳೆಯಿತು. ತಿಗ್ರಾಯ್ ಅನ್ನೋದು ಇಥಿಯೋಪಿಯಾದ ಉತ್ತರದ ಪ್ರಾಂತ್ಯ. ಅಲ್ಲಿನವರೂ ಎರಿಟ್ರಿಯಾದ ಎತ್ತರದ ಸೀಮೆಯವರೂ ಆಡುವುದು ತಿಗ್ರಿನ್ಯಾ. ತಿಗ್ರೆ ಜನರೇ ಬೇರೆ, ಅವರ ತಿಗ್ರೆ ಭಾಷೆಯೂ ಬೇರೆ. ಅವರಿರುವುದು ಎರಿಟ್ರಿಯಾದ ಪಶ್ಚಿಮ ಮತ್ತು ಉತ್ತರದಲ್ಲಿ, ಕೆರೆನ್ ಸುತ್ತಮುತ್ತ, ಕೆಂಪು ಸಮುದ್ರದ ದಂಡೆಯಲ್ಲಿ, ಗಡಿಯಾಚೆ ಪೂರ್ವ ಸುಡಾನಿನಲ್ಲಿ. ಹೆಚ್ಚಿನವರು ಮುಸ್ಲಿಮರು. ಪೂರ್ತಿ ತಪ್ಪು ಪತ್ರಕರ್ತರದ್ದೂ ಅಲ್ಲ ಬಿಡಿ, ಇಥಿಯೋಪಿಯಾದ ಇನ್ನೊಂದು ಭಾಷೆ ಅಮ್ಹಾರಿಕ್ ಆಡುವವರೇ ತಿಗ್ರಾಯ್‌ನವರನ್ನು 'ತಿಗ್ರೆ' ಅಂತಾರೆ!

ನಾವು 'ಟಿಗ್ರೆ' ಎಂದು ಬರೆಯುವಾಗಿನ 'ಟ' ಇಂಗ್ಲಿಷಿನಿಂದ ಬಂದದ್ದು. ಈ ಹೆಸರಿನ ಮೊದಲ ಸದ್ದು ನಮ್ಮ 'ತ'. ಗಂಟಲು ಬಿಗಿಹಿಡಿದು ಸಿಡಿಸುವ ಇನ್ನೊಂದು 'ತ' ಆ ಭಾಷೆಯಲ್ಲಿದೆ, ಆದರೆ ಅದೂ 'ಟ' ಅಲ್ಲ.

ತಿಗ್ರೆ, ತಿಗ್ರಿನ್ಯಾ ಎರಡು ಭಾಷೆಗಳನ್ನು ಬೇರ್ಪಡಿಸಲು ಒಂದು ಸುಲಭದ ಗುರುತು. 'ಆ ಮನೆ' ಎನ್ನಲು ತಿಗ್ರೆಯವರು ಪದದ ಮುಂದೆ 'ಲ' ಅಂಟಿಸಿ 'ಲಬೇತ್' ಅನ್ನುತ್ತಾರೆ. ತಿಗ್ರಿನ್ಯಾದಲ್ಲಿ ಅದು 'ಎತಿ ಗೆಝಾ'. ಆದರೆ 'ಲ' ಕಂಡ ಕೂಡಲೇ ತಿಗ್ರೆ ಎಂದು ಹಾರಬೇಡಿ, ಅಮ್ಹಾರಿಕ್‌ನಲ್ಲೂ ಪದದ ಮುಂದೆ 'ಲ' ಬರುತ್ತದೆ, ಅಲ್ಲಿ ಅದು ನಮ್ಮ 'ಗೆ', 'ಗಾಗಿ'.

ಲಿಪಿ ನಮಗೆ ಪರಕೀಯ ಅನ್ನಿಸುವುದಿಲ್ಲ. ಈ ಭಾಷೆಗಳನ್ನು ಬರೆಯುವ ಗೀಝ್ ಲಿಪಿಗೂ ಕಾಗುಣಿತ ಇದೆ, ಪ್ರತಿ ವ್ಯಂಜನಕ್ಕೆ ಏಳು ರೂಪ. 'ಲ' ಎರಡು ಕಾಲಿನ ಅಕ್ಷರ. ಬಲಗಾಲು ಉದ್ದವಾದರೆ 'ಲಾ', ಆ ಕಾಲಿನ ತುದಿಗೆ ಉಂಗುರ ಬಿದ್ದರೆ 'ಲೇ', ನಡುವೆ ಬಲಕ್ಕೆ ಗೆರೆ ಚಾಚಿದರೆ 'ಲು'. ಎಡವುವುದು ಆರನೆಯ ರೂಪದಲ್ಲಿ. ಅದನ್ನು ಅರ್ಧಾಕ್ಷರವಾಗಿಯೂ ಓದಬಹುದು, ಚಿಕ್ಕದೊಂದು ಸ್ವರ ಸೇರಿಸಿಯೂ ಓದಬಹುದು. ಒತ್ತಕ್ಷರವಂತೂ ಇಲ್ಲವೇ ಇಲ್ಲ. ನಮ್ಮಲ್ಲಿ 'ಕತೆ', 'ಕತ್ತೆ' ಎರಡನ್ನೂ ಒಂದೇ ಥರ ಬರೆದಂತೆ! ಭಾಷೆ ಬಲ್ಲವನು ಸಂದರ್ಭ ನೋಡಿ ಸರಿಯಾಗಿ ಓದಿಕೊಳ್ಳುತ್ತಾನೆ. ಪುಸ್ತಕ ಹಿಡಿದು ಒಬ್ಬನೇ ಕಲಿಯುವವನು ಕತ್ತೆಯನ್ನೇ ಓದುತ್ತಾನೆ. ಹಾಗಾಗಿ ಧ್ವನಿಮುದ್ರಣ ಕೇಳದೆ ಇದನ್ನು ಕಲಿಯಲು ಹೊರಡಬೇಡಿ.

ಹೆಸರಿನ ಹಿಂದೆ ಒಂದು ಕಹಿಯೂ ಇದೆ. ಹಿಂದೆ 'ತಿಗ್ರೆ' ಎಂದರೆ ಒಕ್ಕಲು, ಧಣಿಗಳಿಗೆ ಕಪ್ಪಕಾಣಿಕೆ ಸಲ್ಲಿಸಬೇಕಾದವನು. ಧಣಿಗಳು 'ಶುಮಗುಲ್ಲೆ'. 1940ರ ದಶಕದಲ್ಲಿ ಎರಿಟ್ರಿಯಾದಲ್ಲಿ ಬ್ರಿಟಿಷ್ ಆಡಳಿತವಿದ್ದಾಗ ಈ ಒಕ್ಕಲುಗಳು ಕಾಣಿಕೆ ಕೊಡುವುದಿಲ್ಲವೆಂದು ತಿರುಗಿಬಿದ್ದರು, ಎರಿಟ್ರಿಯಾದ ರಾಜಕಾರಣಿ ಇಬ್ರಾಹಿಂ ಸುಲ್ತಾನ್ ಈ ಒಕ್ಕಲುಗಳ ಬೆನ್ನಿಗೆ ನಿಂತರು. ಹಬಾಬ್, ಮೆನ್ಸಾ, ಮಾರಿಯಾ ಎಂಬ ಕುಲದ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ಭಾಷೆಗೆ ಅವರದೇ ಹೆಸರು 'ತಿಗ್ರಾಯಿತ್'. ಸುಡಾನಿನ ಬರಹಗಳಲ್ಲಿ ಹುಡುಕುವವರು ಮಾತ್ರ 'ಖಾಸಾ' ಎಂದು ಹುಡುಕಿ, ಅಲ್ಲಿ ಅದನ್ನು ಕರೆಯುವುದು ಹಾಗೆ.