ಹಳೇ ಎಂಜಿನ್ ಆಯಿಲ್ ಮಣ್ಣಿಗೆ ಸುರಿಯಬಹುದಾ?

ಗೆದ್ದಲು ಬಂದರೆ ಗ್ಯಾರೇಜಿನಿಂದ ಹಳೇ ಆಯಿಲ್ ತಂದು ಸುರಿಯಿರಿ, ಭೂಮಿಯಿಂದ ಬಂದದ್ದು ತಾನೇ, ತೊಂದರೆಯಿಲ್ಲ ಎಂಬ ಸಂದೇಶ ಆಗಾಗ ವಾಟ್ಸಾಪ್‌ಗೆ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ನಮ್ಮ ಹಿರಿಯರೂ ಬೇಲಿ ಕಂಬಕ್ಕೆ ಇದನ್ನೇ ಬಳಿಯುತ್ತಿದ್ದರು ಅಲ್ವಾ?

ಆದರೆ ಎಂಜಿನ್ನಿನೊಳಗೆ ಸುತ್ತಿ ಬಂದ ಆಯಿಲ್ ಹೊಸದರಂತೆ ಇರುವುದಿಲ್ಲ. ಲೋಹದ ಸವೆತದ ಪುಡಿ, ಮಸಿ, ಅರೆಸುಟ್ಟ ಇಂಧನ ಎಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಮಣ್ಣಿಗೆ ಬಿದ್ದರೆ ಬೇಗ ಕರಗುವುದಿಲ್ಲ, ಬಾವಿ ನೀರಿಗೂ ಇಳಿಯಬಹುದು.

ಕಾನೂನೂ ಇದೆ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ. ಅನುಮತಿ ಪಡೆದ ಘಟಕಕ್ಕಷ್ಟೇ ಅದು ಹೋಗಬೇಕು. ಅಲ್ಲಿ ಶುದ್ಧ ಮಾಡಿದರೆ ಮತ್ತೆ ಲೂಬ್ರಿಕೆಂಟ್ ಆಗುತ್ತದೆ. ಸುಮ್ನೆ ಚೆಲ್ಲುವ ವಸ್ತುವೇ ಅಲ್ಲ ಅದು! 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರುವವರಿಗೂ ಮರುಬಳಕೆಯ ಹೊಣೆ ಬಂದಿದೆ.

ನೀವೇ ನೋಡಬೇಕೆಂದರೆ ಆ ನಿಯಮಗಳನ್ನು ಅಂತರ್ಜಾಲದಲ್ಲಿ ತೆರೆದು, ಮೊದಲ ಅನುಸೂಚಿಯಲ್ಲಿ 5.1 ಹುಡುಕಿ. ಒಂದೇ ಸಾಲು, ಒಂದು ನಿಮಿಷ ಸಾಕು. ಸಂದೇಶದಲ್ಲಿ ಇಂಥ ನಿಯಮದ ಹೆಸರಾಗಲಿ ವರ್ಷವಾಗಲಿ ಇದೆಯಾ ಅಂತಲೂ ಗಮನಿಸಿ. ಹೊಸ ಆಯಿಲ್ ಡಬ್ಬದ ಹಿಂದಿನ ಎಚ್ಚರಿಕೆಯನ್ನೂ ಓದಿ.

ಮನೆಯಲ್ಲೇ ಆಯಿಲ್ ಬದಲಿಸಿದರೆ ಮುಚ್ಚಳ ಗಟ್ಟಿ ಇರುವ ಕ್ಯಾನಿನಲ್ಲಿ ತುಂಬಿಡಿ. ನೀರು, ಸೀಮೆಎಣ್ಣೆ ಬೆರೆಸಬೇಡಿ. ಅದನ್ನು ಸರ್ವಿಸ್ ಸೆಂಟರಿಗೆ ಕೊಡುವಾಗ, ಅವರಿಂದ ಯಾರು ಒಯ್ಯುತ್ತಾರೆ ಎಂದು ಕೇಳಿಬಿಡಿ.